ಒಳಕೋಣೆಯ ಪಡುಗೋಡೆ

ಮೂವತ್ತರ ದಶಕದ ನಡುವಿನ ಒಂದು ಮಾಘಮಾಸದಲ್ಲಿ ನಮ್ಮತ್ತೆ ಇದ್ದಕ್ಕಿದ್ದಂತೆ ಒಂದು ಅಪ್ಪಣೆ ಹೊರಡಿಸಿದರು. ನಾನು ಒಳಕೋಣೆಯಲ್ಲಿ ಹೆರಕೂಡದು. ಆಗ ನನಗೆ ನಾಲ್ಕು ತಿಂಗಳು. ತವರು ಚೆಂಡಿಯಾದಲ್ಲಿ ತಾಯಿ ಇರಲಿಲ್ಲ. ಹಾಗಾಗಿ ಚೊಚ್ಚಲ ಬಾಣಂತನವೂ ಅಂಕೋಲೆಯ ಗಂಡನ ಮನೆಯಲ್ಲೇ ಎಂದು ತೀರ್ಮಾನವಾಗಿತ್ತು. ಮನೆಯಲ್ಲಿದ್ದದ್ದು ಜಗಲಿ, ನಡುಮನೆ, ಅಡುಗೆಮನೆ ಮತ್ತು ಅದೊಂದೇ ಒಳಕೋಣೆ.

“ಅಲ್ಲಲ್ದೆ ಮತ್ತೆಲ್ಲಿ ಅತ್ತೆ, ಕೊಟ್ಟಿಗೆಯಲ್ಲಾ?” ಎಂದು ಕೇಳಿದೆ. ನನ್ನ ನಾಲಿಗೆ ಆಗಲೂ ಉದ್ದವೇ.

ಅವರು ಜಗಳಕ್ಕೆ ಬರಲಿಲ್ಲ. “ಒಂದು ಕೋಣೆ ಕಟ್ಸು” ಎಂದಷ್ಟೇ ಮಗನಿಗೆ ಹೇಳಿ ಹೊರಗೆ ಹೋದರು. ಬಸುರಿಯಿದ್ದ ಮನೆಯಲ್ಲಿ ಕಟ್ಟಡದ ಕೆಲಸ ಮಾಡಬಾರದೆಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವರೇ ಅವರು. ಭಟ್ಟರನ್ನು ಕೇಳಿದರೆ, ಹೊಸ ಮನೆಯಾದರೆ ದೋಷ, ಇದ್ದ ಮನೆಗೆ ಮಾಡು ಇಳಿಸಿ ಕೋಣೆ ಸೇರಿಸಿಕೊಂಡರೆ ದೋಷವಿಲ್ಲ, ಏಳು ತುಂಬುವುದರೊಳಗೆ ಮುಗಿಸಿ ಎಂದರು. ಬೇಕಾದವರಿಗೆ ಶಾಸ್ತ್ರದಲ್ಲೂ ಒಂದು ಸಂದು ಸಿಗುತ್ತದೆ.

ನಾನು ಆ ಮನೆಗೆ ಎರಡನೆಯ ಸಂಬಂಧವಾಗಿ ಬಂದವಳು. ಮೊದಲನೆಯವಳು ಅಗಸೂರಿನ ಹುಡುಗಿ. ಹೆರಿಗೆಗೆಂದು ತವರಿಗೆ ಹೋದವಳು ಅಲ್ಲೇ ತೀರಿಕೊಂಡಳೆಂದು ಮದುವೆಗೆ ಮುಂಚೆ ನಮ್ಮಪ್ಪನಿಗೆ ಹೇಳಿದ್ದರು. ಅವಳ ಮಾತು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ನಾನೂ ಕೇಳಲಿಲ್ಲ.

ಗವಂಡಿಗೆ ಬಾಯಿಮಾತಿನಲ್ಲಿ ಹೇಳಿದರೆ ಅವನು ಕಟ್ಟುತ್ತ ಹೋಗುತ್ತಾನೆ, ಚಿರೇಕಲ್ಲು ತರಿಸುತ್ತ ಹೋಗಬೇಕು. ಪಕ್ಕದ ಮನೆಯವರು ಹಾಗೆ ಮಾಡಿ ಅರ್ಧ ಗೋಡೆಗೇ ಕೈ ಖಾಲಿ ಮಾಡಿಕೊಂಡಿದ್ದರು. ಆದ್ದರಿಂದ ನನ್ನ ಗಂಡ ಕಾರವಾರಕ್ಕೆ ಹೋಗಿ, ಸರ್ಕಾರಿ ಕಚೇರಿಯಲ್ಲಿ ನಕಾಶೆ ಬರೆದು ನಿವೃತ್ತರಾದ ಒಬ್ಬ ಮುದುಕರನ್ನು ಹಿಡಿದರು. ಅಗ್ಗದಲ್ಲಿ ಕೋಣೆ ಎಬ್ಬಿಸುವ ನಕಾಶೆಗೆ ಅವರು ಹೆಸರಾದವರು. ಬಡವರ ಕೈಯಿಂದ ದುಡ್ಡು ತೆಗೆದುಕೊಳ್ಳುವವರಲ್ಲ. ನಮಗೆ ಹೇಳಿದ್ದು ವೈಶಾಖದಲ್ಲಿ ಒಂದು ಬುಟ್ಟಿ ಇಶಾಡು ಮಾವು.

ಒಂದು ಮಧ್ಯಾಹ್ನ ಮೋಟಾರಿನಲ್ಲಿ ಬಂದಿಳಿದರು. ಒಣಕಲು ಮನುಷ್ಯ, ಕಪ್ಪು ಟೊಪ್ಪಿ, ಕೈಯಲ್ಲಿ ಅಳತೆಯ ಪಟ್ಟಿ. ಪಟ್ಟಿ ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು ಬೆರಳ ಗೆಣ್ಣಿನಿಂದ ಗೋಡೆ ಬಡಿಯುತ್ತ ನಡೆದರು. ಒಳಕೋಣೆಯ ಪಡುಗೋಡೆಯಲ್ಲಿ, ನಾನು ತಲೆಯಿಟ್ಟು ಮಲಗುವ ಕಡೆ, ಸದ್ದು ಬದಲಾಯಿತು. ಅವರು ಕೈ ನಿಲ್ಲಿಸಿದರು. ಅಲ್ಲೇ ಒಂದು ಮೊಳ ಆಚೆ, ಒಂದು ಮೊಳ ಈಚೆ ಬಡಿದು ನೋಡಿದರು. ಹಿಂದಿನ ಮಳೆಗಾಲದಲ್ಲಿ ಅಷ್ಟೇ ಜಾಗ, ಸೊಂಟದೆತ್ತರಕ್ಕೆ, ಒದ್ದೆಯಾಗಿ ನಿಂತಿತ್ತು. ಉಳಿದ ಗೋಡೆಯೆಲ್ಲ ಒಣಗಿದ್ದರೂ ಅದು ಮಾತ್ರ ಕೈಗೆ ತಣ್ಣಗೆ ತಾಗುತ್ತಿತ್ತು. ಮುದುಕರು ನನ್ನ ಹೊಟ್ಟೆಯನ್ನೊಮ್ಮೆ ನೋಡಿ ಚೀಟಿಯಲ್ಲಿ ಬರೆದುಕೊಂಡರು.

ಎಂಟು ದಿನದ ಮೇಲೆ ಮೋಟಾರಿನವನ ಕೈಯಲ್ಲಿ ನಕಾಶೆ ಬಂತು. ಗಂಡ ಗದ್ದೆಯಲ್ಲಿದ್ದರು. ನಾಲ್ಕನೇ ಇಯತ್ತೆ ಕಲಿತವಳೆಂಬ ಜಂಬದಲ್ಲಿ ನಾನೇ ಬಿಚ್ಚಿ ಅತ್ತೆಗೆ ಓದಿ ಹೇಳಿದೆ. ಹೊಸ ಕೋಣೆ ಮನೆಯ ಪಡು ದಿಕ್ಕಿಗೆ. ಅದಕ್ಕೆ ಬಾಗಿಲು ಒಳಕೋಣೆಯಿಂದ. ಆ ಬಾಗಿಲಿನ ಜಾಗದಲ್ಲಿ ಚುಕ್ಕಿ ಚುಕ್ಕಿಯಾಗಿ ಒಂದು ಗೆರೆ, ಕೆಳಗೆ ಸಣ್ಣ ಅಕ್ಷರ: “ಇಲ್ಲಿ ಹಿಂದೆ ಒಡೆದು ಮುಚ್ಚಿದ ಕಿಂಡಿ. ಇದನ್ನೇ ಎತ್ತರಿಸುವುದು. ಕಲ್ಲು ಕಡಿಯುವ ಖರ್ಚಿಲ್ಲ.”

ಅತ್ತೆಯ ಕೈಯಲ್ಲಿದ್ದ ಮೊರ ನಿಂತಿತು.

“ಅವ್ರಿಗೆ ಯಾರು ಹೇಳಿದ್ರು?” ಎಂದರು.

ನಮ್ಮ ಕಡೆಯವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಕೆಟ್ಟ ನಕ್ಷತ್ರದಲ್ಲಿ ಸತ್ತವರನ್ನು ತಲೆಬಾಗಿಲಿನಿಂದ ತೆಗೆಯುವುದಿಲ್ಲ. ಗೋಡೆ ಒಡೆದು ಹೊರಗೆ ಸಾಗಿಸಿ, ಆ ಕಿಂಡಿಯನ್ನು ಮುಚ್ಚುತ್ತಾರೆ. ಹೋದ ಜೀವ ದಾರಿ ಹುಡುಕಿಕೊಂಡು ತಿರುಗಿ ಬಂದರೆ ಅಲ್ಲಿ ಗೋಡೆಯೇ ಸಿಗಬೇಕು.

ಮಧ್ಯಾಹ್ನ ಗಂಡ ಊಟಕ್ಕೆ ಕೂತಾಗ ನಕಾಶೆಯನ್ನು ಎಲೆಯ ಪಕ್ಕದಲ್ಲಿಟ್ಟೆ. ಅವರು ತಲೆಯೆತ್ತದೆ ಅನ್ನ ಕಲಸುತ್ತಲೇ ಇದ್ದರು.

“ಅಗಸೂರಲ್ಲಿ ಅಲ್ಲ” ಎಂದರು ಕೊನೆಗೆ. “ಇಲ್ಲೇ. ಮೂರು ದಿನ ಒದ್ದಾಡ್ತು. ಮಗು ಹೊರಗೆ ಬರ್ಲೇ ಇಲ್ಲ. ಆರು ತಿಂಗ್ಳು ಮನೆಗೆ ಬೀಗ ಹಾಕಿ ಅಮದಳ್ಳಿಯಲ್ಲಿ ಇದ್ವು. ನಿಮ್ಮಪ್ಪಂಗೆ ಹೇಳಿದ್ರೆ ನಿನ್ನ ಕೊಡ್ತಿದ್ರಾ?”

ನನಗೆ ಹೆದರಿಕೆಗಿಂತ ಮೊದಲು ಬಂದದ್ದು ಸಿಟ್ಟು. ಎರಡು ವರ್ಷ ಅವಳು ಹೋದ ದಾರಿಗೆ ತಲೆಯಿಟ್ಟು ಮಲಗಿದ್ದೆ, ಮನೆಯಲ್ಲಿ ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಹೆದರಿಕೆ ಆಮೇಲೆ ಬಂತು, ಬಂದದ್ದು ಹೋಗಲಿಲ್ಲ. ಅವಳಂತೆ ನಾನೂ ಈ ಮನೆಯಲ್ಲೇ ಹೆರಬೇಕಿತ್ತು.

ಬಾಗಿಲನ್ನು ಬೇರೆ ಕಡೆ ಇಡಿ ಎಂದು ಗಂಡ ಮುದುಕರಿಗೆ ಬರೆದರು. ಉತ್ತರ ಬಂತು: ಬೇರೆ ಗೋಡೆ ಮುಟ್ಟಿದರೆ ಮಾಡಿನ ತೊಲೆಯನ್ನೇ ಇಳಿಸಬೇಕು, ನಿಮ್ಮ ಕೈಲಾಗುವ ಮಾತಲ್ಲ. ಈ ಕರಾವಳಿಯಲ್ಲಿ ಹತ್ತು ಮನೆ ಅಳೆದರೆ ಎರಡರಲ್ಲಿ ಇಂಥ ಕಿಂಡಿ ಇರುತ್ತದೆ, ಯಾಕೆಂದು ನಾನು ಯಾರನ್ನೂ ಕೇಳುವುದಿಲ್ಲ, ಅಲ್ಲಿ ಬಾಗಿಲಿಡುತ್ತೇನೆ. ಅವರ ಅಗ್ಗದ ಗುಟ್ಟು ಇದೇ ಎಂದು ಆಗ ನಮಗೆ ತಿಳಿಯಿತು.

“ಬೇಡ” ಎಂದರು ಅತ್ತೆ. “ದಾರಿ ತೆರೆದ್ರೆ ಅದು ಬತ್ತದೆ.”

“ಬರ್ಲಿ ಅತ್ತೆ. ಅದ್ರ ಮನೆಯೇ ಅಲ್ವಾ?” ಎಂದುಬಿಟ್ಟೆ. ಧೈರ್ಯವಲ್ಲ ಅದು, ಸಿಟ್ಟು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ನನಗಿರಲಿಲ್ಲ. ಅತ್ತೆ ನನ್ನನ್ನೇ ನೋಡಿದರು. ಕಟ್ಟಿಸಿ, ಆದರೆ ನಾನು ಆ ಹೊಸ್ತಿಲು ದಾಟುವವಳಲ್ಲ ಎಂದು ಹೇಳಿ ಎದ್ದರು.

ಗವಂಡಿ ಪಡುಗೋಡೆಗೆ ಹಾರೆ ಹಾಕಿದ ದಿನ, ಮುಚ್ಚಿದ್ದ ಚೂರುಕಲ್ಲುಗಳು ಅನಾಯಾಸವಾಗಿ ಕೈಗೆ ಬಂದವು. ಕಿಂಡಿಯ ಅಂಚಿನ ಮಣ್ಣಿನಲ್ಲಿ ಹಸಿರು ಬಳೆಯ ಒಂದು ಚೂರು ಸಿಕ್ಕಿಕೊಂಡಿತ್ತು. ಮುತ್ತೈದೆಯೆಂದು ಕೈತುಂಬ ತೊಡಿಸಿದ ಬಳೆ, ಇಕ್ಕಟ್ಟಿನಲ್ಲಿ ಎಳೆಯುವಾಗ ಕಲ್ಲಿಗೆ ತಾಗಿ ಒಡೆದಿರಬೇಕು. ಅತ್ತೆ ನಡುಮನೆಯಲ್ಲೇ ನಿಂತು ಅದನ್ನು ಕಂಡರು, ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆ ಚೂರನ್ನು ನಾನು ಹೊಸ ಹೊಸ್ತಿಲ ಕೆಳಗೇ ಇಡಿಸಿದೆ. ಎಸೆಯಲು ಮನಸ್ಸಾಗಲಿಲ್ಲ.

ಚೈತ್ರದಲ್ಲಿ ಕೆಲಸ ಮುಗಿಯಿತು. ವೈಶಾಖದಲ್ಲಿ ಮಾವು ಕಾರವಾರಕ್ಕೆ ಹೋಯಿತು. ಮಳೆ ಹಿಡಿದ ಮೇಲೆ ಆ ಕೋಣೆಯಲ್ಲಿ ಹಗಲು ಹೊತ್ತು ಅಡ್ಡಾದರೆ ಸುರಗಿ ಹೂವಿನ ವಾಸನೆ ಬರುತ್ತಿತ್ತು. ಸುರಗಿಯ ಕಾಲ ಮುಗಿದು ಎರಡು ತಿಂಗಳಾಗಿತ್ತು. ಬಸುರಿಯ ಮೂಗು, ಏನೇನೋ ಬರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅವಳು ಏನು ಮುಡಿಯುತ್ತಿದ್ದಳೆಂದು ಮಾತ್ರ ಯಾರನ್ನೂ ಕೇಳಲಿಲ್ಲ.

ಆಷಾಢದ ಒಂದು ಬೆಳಿಗ್ಗೆ ನೋವು ಬಂತು. ಸೂಲಗಿತ್ತಿ ಬಂದು ನನ್ನನ್ನು ಹೊಸ ಕೋಣೆಗೆ ಕರೆದೊಯ್ದಳು. ಕಡಲಿನ ಸದ್ದು ಯಾವುದು, ಮಳೆಯ ಸದ್ದು ಯಾವುದು ತಿಳಿಯುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನನಗೆ ಸಾಕಾಗಿತ್ತು, ಅವಳ ಹಾಗೆಯೇ ನಾನೂ ಎಂದು ಕೈಚೆಲ್ಲಿದ್ದೆ. ಆಗ ಹಿಂದಿನಿಂದ ಯಾರೋ ಎರಡೂ ತೋಳಿನ ಕೆಳಗೆ ಕೈ ಹಾಕಿ ನನ್ನನ್ನು ಎತ್ತಿ ಕೂರಿಸಿ ಗಟ್ಟಿಯಾಗಿ ಹಿಡಿದುಕೊಂಡರು. ಆ ಕೈ ತಣ್ಣಗಿತ್ತು. ಅಂತೂ ಅತ್ತೆಯ ಮನಸ್ಸು ಕರಗಿತೆಂದುಕೊಂಡೆ. ಆ ಕೈಗಳಿಗೆ ಒರಗಿಯೇ ಹೆತ್ತೆ. ಹೆಣ್ಣು. ಹುಟ್ಟಿದ ಕೂಡಲೇ ಅತ್ತಿತು.

“ಅತ್ತೆ ಎಲ್ಲಿ ಹೋದ್ರು?” ಎಂದು ಸೂಲಗಿತ್ತಿಯನ್ನು ಕೇಳಿದೆ.

“ನಿಮ್ಮತ್ತೆ ಬೆಳಿಗ್ಗೆಯಿಂದ ಜಗಲಿ ಬಿಟ್ಟು ಏಳ್ಲಿಲ್ಲ ತಂಗೀ” ಎಂದಳು ಅವಳು, ಮಗುವನ್ನು ಒರೆಸುತ್ತ.

“ಹಂಗಾರೆ ಹಿಂದೆ ನನ್ನ ಹಿಡಿದ್ಕೊಂಡವ್ರು?”

“ನಾ ಎದುರಿಗೆ ಕೂತಿದ್ದೆ. ನಿನ್ನ ಬೆನ್ನಿಗೆ ಇದ್ದದ್ದು ಬಾಗ್ಲು.”

ನಮ್ಮ ಮಾತು ಜಗಲಿಗೆ ಕೇಳಿರಬೇಕು. ಅತ್ತೆ ನಿಧಾನವಾಗಿ ಒಳಕೋಣೆ ಹಾದು ಬಂದು, ಆ ಹೊಸ್ತಿಲು ದಾಟಿ, ಸೂಲಗಿತ್ತಿಯ ಕೈಯಿಂದ ಮಗುವನ್ನು ತೆಗೆದುಕೊಂಡರು. ನನ್ನ ಕಡೆ ನೋಡಲಿಲ್ಲ. ಬಾಗಿಲಿಗೆ ತಿರುಗಿ ನಿಂತು, ಯಾರೂ ಇಲ್ಲದ ಒಳಕೋಣೆಯ ಕಡೆಗೆ ಮಗುವಿನ ಮುಖ ಮಾಡಿ ಹಿಡಿದರು.

“ಅಳ್ತದೆ ಮಗಾ, ಕೇಳು” ಎಂದರು. “ಇದು ಅಳ್ತದೆ.”

ಅದು ಅಳು ನಿಲ್ಲಿಸುವ ತನಕ ಹಾಗೆಯೇ ನಿಂತಿದ್ದರು.