ಹಾನಗಲ್ಲಿನ ಮಗ್ಗದ ಮನೆಯಲ್ಲಿ ಮುಯ್ಯಾಳು

೧೯೪೩ನೇ ಇಸವಿ ಏಪ್ರಿಲ್ ೫, ಬೆಳಿಗ್ಗೆ ಆರೂಕಾಲಿಗೆ ಸವಣೂರು ಬಿಟ್ಟೆವು. ಜೊತೆಗೆ ನೆರೆಮನೆಯ ಗುರುಸಿದ್ದಕ್ಕ, ಅವಳ ಮೂರು ವರ್ಷದ ಮಗಳು ನಾಗಿ. ಗಂಡನಿಲ್ಲದ ಗುರುಸಿದ್ದಕ್ಕನಿಗೆ ಕಳೆ ತೆಗೆಯುವ, ಹತ್ತಿ ಬಿಡಿಸುವ ದಿನಗಳಲ್ಲಷ್ಟೇ ಕೂಲಿ. ಹಾನಗಲ್ಲಿನ ಮಗ್ಗದ ಮನೆಯಲ್ಲಿ ಲಾಳಿಯೊಳಗಿನ ಸಣ್ಣ ಕೊಳವೆಗೆ, ಅಂದರೆ ಕಂಡಿಕೆಗೆ, ನೂಲು ಸುತ್ತಲು ಹೆಂಗಸರು ಬೇಕು, ವರ್ಷವಿಡೀ ಪಗಾರ ಉಂಟು ಎಂದು ಕೇಳಿ, ಅವಳನ್ನು ಅಲ್ಲಿಗೆ ಮುಟ್ಟಿಸಲು ನಾನೂ ಹೊರಟಿದ್ದೆ.

ಲಾರಿಯೊಂದರಲ್ಲಿ ಶಿಗ್ಗಾಂವಿ ಮುಟ್ಟಿ, ಯುದ್ಧಕ್ಕೆ ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯಲ್ಲಿ ಓಡುವ ಮೋಟಾರು ಹತ್ತಿದೆವು. ತಲೆಗೆ ಆರಾಣೆ. ಬಂಕಾಪುರದಾಚೆ ಏರಿನಲ್ಲಿ ಕಂಡಕ್ಟರು ಕೂಗಿದ: “ಇಳೀರಿ, ಮೋಟಾರಿಗೆ ದಮ್ಮು ಹತ್ತೇತಿ!”

“ರೊಕ್ಕಾನೂ ನಾವ ಕೊಡೂದು, ನಡಿಯೂದೂ ನಾವ!” ಎಂದ ಎಲೆ ವ್ಯಾಪಾರಿಯೊಬ್ಬ. ಎಲ್ಲರೂ ನಕ್ಕರು. ಗುರುಸಿದ್ದಕ್ಕ ನಗಲಿಲ್ಲ.

“ಕೂಸಿನ್ನ ಒಳಗ ಬಿಡ್ತಾರೇನ್ ತಮ್ಮಾ? ಹೊಲದಾಗಾದ್ರ ಗಿಡಕ್ಕ ಜೋಳಗಿ ಕಟ್ಟಿ ಮಲಗಸ್ತಿದ್ದೆ.”

ಅವಳ ಭಯ ನಿಜವಾಯಿತು. ಹನ್ನೊಂದಕ್ಕೆ ಹಾನಗಲ್ಲು ಮುಟ್ಟಿದೆವು. ಮಗ್ಗದ ಮನೆಯ ಮೇಲ್ವಿಚಾರಕರು ನಾಗಿಯನ್ನು ನೋಡಿ ಬೇಡವೆಂದು ಕೈ ಅಲ್ಲಾಡಿಸಿದರು. “ಕೂಸಿಗೆ ಇಲ್ಲಿ ಜಾಗಾ ಇಲ್ಲವ್ವಾ. ನೂಲೆಲ್ಲಾ ಸಿಕ್ಕು ಮಾಡ್ತಾವು.”

ಗುರುಸಿದ್ದಕ್ಕ ಗಂಟು ಎತ್ತಿಕೊಂಡಳು. ರಾಟೆಗಳ ಮುಂದಿದ್ದ ಹೆಂಗಸರಲ್ಲಿ ನೀಲವ್ವ ಎಂಬ ಹಿರಿಯಳು ಕರೆದಳು: “ಎಲ್ಲಿಗ್ ಹೊಂಟಿ? ನಿಮ್ಮೂರಾಗ ಮುಯ್ಯಾಳು ಮಾಡೂದಿಲ್ಲೇನು?”

ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂದು ಕೂಲಿಯಿಲ್ಲದೆ ದುಡಿಯುವುದೇ ಮುಯ್ಯಾಳು. ನೀಲವ್ವ ಅದನ್ನೇ ಇಲ್ಲಿಗೆ ತಂದಳು. “ದಿನಕ್ಕೊಬ್ಬಾಕಿ ಹಿತ್ತಲದಾಗ ಕೂಸು ನೋಡ್ಲಿ. ಆಕಿ ಪಾಲಿನ ಕಂಡಿಕಿ ಉಳಿದಾವ್ರು ಸುತ್ತತೇವಿ. ಇವರೆಲ್ಲಾ ಮಕ್ಕಳನ್ನ ಮಂದಿ ಮನ್ಯಾಗ ಬಿಟ್ಟು ಬೈಸ್ಕೊಳ್ಳಾಕತ್ತಾರ.”

“ನನಗ ಕಂಡಿಕಿ ಕಡಿಮಿ ಬೀಳಬಾರ್ದು. ಕೂಸುಗೋಳು ಮಗ್ಗದ ಹಂತ್ಯಾಕ ಬರಬಾರ್ದು,” ಎಂದರು ಮೇಲ್ವಿಚಾರಕರು.

“ಬಂದು ಕೆಲಸಾ ಕಲತ್ರ ಅವಕ್ಕೂ ಪಗಾರ ಕೊಡಬೇಕಾದೀತು ಅಂತ ಅಂಜಾಕತ್ತೀರೇನ್ರಿ?” ಎಂದಳು ನೀಲವ್ವ.

ಮೇಲ್ವಿಚಾರಕರೂ ನಕ್ಕುಬಿಟ್ಟರು. ಗುರುಸಿದ್ದಕ್ಕನ ಹೆಸರು ಹಾಜರಿಗೆ ಸೇರಿತು. ಕೂಸು ನೋಡುವ ಮೊದಲ ಸರದಿ ಹೊಸಬಳಿಗೇ ಬಂದಿತು. ಮಧ್ಯಾಹ್ನದೊಳಗೆ ಇತರರ ನಾಲ್ಕು ಮಕ್ಕಳೂ ಹಿತ್ತಲಿಗೆ ಬಂದರು.

ಮೂರೂವರೆಗೆ ನಾನು ಊರಿಗೆ ಹೊರಡುವಾಗ ಅಲ್ಲಿ ಇಣುಕಿದೆ. ಒಂದು ಕೂಸು ಗುರುಸಿದ್ದಕ್ಕನ ಬೆನ್ನಿಗೆ ಜೋತಿತ್ತು, ಇನ್ನೊಂದು ಅವಳ ತೊಡೆಯ ಮೇಲೆ ನಿದ್ದೆಯಲ್ಲಿ. ಆಟದಲ್ಲಿ ಮುಳುಗಿದ್ದ ನಾಗಿ ನನ್ನತ್ತ ನೋಡಲೇ ಇಲ್ಲ. “ನಿಮ್ಮವ್ವಗ ಹೇಳು ತಮ್ಮಾ, ಕೆಲಸಾ ಸಿಕ್ತು,” ಎಂದು ಗುರುಸಿದ್ದಕ್ಕ ಮೆಲ್ಲಗೆ ಹೇಳಿದಳು. “ಒಂದ್ ಕಂಡಿಕೀನೂ ಸುತ್ತಿಲ್ಲ ಅನ್ನೂದು ಮಾತ್ರ ಹೇಳಬ್ಯಾಡ!”

ಹಿರೇಕೆರೂರಿನಲ್ಲೂ ಇಂಥದೊಂದು ಮಗ್ಗದ ಮನೆ ಆಗಲಿದೆಯಂತೆ. ಸರದಿಯವಳು ಕಾಯಿಲೆ ಬಿದ್ದರೆ ಮಕ್ಕಳನ್ನು ಯಾರು ನೋಡಬೇಕು ಎಂಬುದು ಹಾನಗಲ್ಲಿನಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಹೊಲದ ಕೆಲಸದಾಚೆಗೂ ಮುಯ್ಯಾಳು ನಡೆಸಿದ ಅನುಭವವಿರುವವರಿದ್ದರೆ ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಹಾನಗಲ್ಲಿನ ಹೆಂಗಸರಿಗೆ ನಾನೇ ಓದಿ ಹೇಳುತ್ತೇನೆ.