ಎದುರುಮನೆಯ ಗೆಳತಿ ಹೇಳಿದ ಜರ್ಮನ್ ಕತೆ

ಕಳೆದ ವಾರ ಕರ್ಕ್‌ಲ್ಯಾಂಡಿನ ಲೈಬ್ರರಿಯಲ್ಲಿ ಒಂದು ತೆಳ್ಳನೆಯ ಪುಸ್ತಕ ಕೈಗೆ ಸಿಕ್ಕಿತು. ರಟ್ಟಿನ ಮೇಲೆ, ಹೊಸ್ತಿಲ ಬಳಿ ಬಿಟ್ಟ ಗಂಡಸರ ಎರಡು ಜೊತೆ ಬೂಟು. ಆ ಚಿತ್ರ ನೋಡಿದ್ದೇ, ಹತ್ತು ವರ್ಷದ ಹಿಂದೆ ಎದುರುಮನೆಯಲ್ಲಿದ್ದ ಗೆಳತಿ ನೆನಪಾದರು. ಇದೇ ಪುಸ್ತಕ ಅವರ ಕೈಚೀಲದಲ್ಲಿ ಸದಾ ಇರುತ್ತಿತ್ತು, ಜರ್ಮನ್‌ನಲ್ಲಿ. ನನಗೆ ಸಿಕ್ಕಿದ್ದು ಇಂಗ್ಲಿಷ್ ಅನುವಾದ.

ಮದುವೆಗೆ ಮುಂಚೆ ಮೈಸೂರಿನಲ್ಲಿ ಅವರು ಜರ್ಮನ್ ಕಲಿಸುತ್ತಿದ್ದರಂತೆ. ಈ ಪರದೇಶಕ್ಕೆ ಬಂದಮೇಲೆ ಅದು ಯಾರಿಗೂ ಬೇಕಾಗಿರಲಿಲ್ಲ... ಅವರ ಯಜಮಾನರೂ ನಮ್ಮನೆಯವರೂ ಹತ್ತಿರದ ಫ್ರೀಮಾಂಟ್‌ನಲ್ಲಿ ಒಂದೇ ಆಫೀಸು. ಇಬ್ಬರಿಗೂ ಐವತ್ತು ಹತ್ತಿರವಾಗಿತ್ತು. ನಮ್ಮವರು ಒಂದು ಕಯಾಕ್ ದೋಣಿ ಕೊಂಡ ಮರುವಾರವೇ ಅವರ ಯಜಮಾನರು ಅದಕ್ಕಿಂತ ಒಂದು ಗೇಣು ಉದ್ದದ್ದು ತಂದರು. ಅಲ್ಲಿಂದ ಪ್ರತಿ ಶನಿವಾರ ಸರೋವರದಲ್ಲಿ ಪಂದ್ಯ. ನಾವಿಬ್ಬರೂ ಅವರ ಕನ್ನಡಕ, ಕಾರಿನ ಕೀ, ಒಣ ಟವೆಲ್ಲು ಹಿಡಿದುಕೊಂಡು ದಡದ ಬೆಂಚಿನ ಮೇಲೆ.

"ಸುಮ್ನೆ ಕಾಯ್ತಾ ಕೂರೋ ಬದಲು ಒಂದು ಕತೆ ಹೇಳ್ಲಾ?" ಅಂತ ಗೆಳತಿಯೇ ಶುರು ಮಾಡಿದ್ದು. ವಾರಕ್ಕಿಷ್ಟು ಅಂತ ಆ ಪುಸ್ತಕವನ್ನು ಕನ್ನಡದಲ್ಲಿ ಹೇಳುತ್ತಾ ಬಂದರು. ನಡುವಯಸ್ಸಿನ ಇಬ್ಬರು ಗೆಳೆಯರು, ಬೆಟ್ಟ ಹತ್ತುವುದರಲ್ಲಿ ಒಬ್ಬರನ್ನೊಬ್ಬರು ಮೀರಿಸುವ ಹಟ. ಕೆಳಗೆ ಹೋಟೆಲಿನಲ್ಲಿ ಕಾಯುವ ಹೆಂಡತಿಯರು.

"ನಮ್ಮನ್ನೇ ನೋಡಿ ಬರೆದಂಗಿದೆಯಲ್ರೀ!" ಅಂತ ನಾನು ನಗುತ್ತಿದ್ದೆ.

ಒಂದು ಶನಿವಾರ ಕತೆಯೊಳಗೆ ಒಂದು ಕಾಗದ ಬಂತು. ಆ ಹೆಂಡತಿಯರಲ್ಲಿ ಒಬ್ಬಳಿಗೆ, ದೂರದ ಊರಿನ ಶಾಲೆಯಿಂದ, ಪಾಠ ಹೇಳಲು ಬನ್ನಿ ಅಂತ. ಅವಳು ಅದನ್ನು ರವೆ ಡಬ್ಬಿಯೊಳಗೆ ಬಚ್ಚಿಟ್ಟಳು.

"ಜರ್ಮನಿಯಲ್ಲೂ ರವೆ ಡಬ್ಬಿನಾ?" ಅಂದೆ.

"ಯಾವುದೋ ಒಂದು ಡಬ್ಬಿ ಅಂದ್ಕೊಳ್ರೀ." ಆಮೇಲೆ ಕೇಳಿದರು, "ಹೋಗ್ಬೇಕಾ ಅವಳು? ನೀವೇನಂತೀರಿ?"

ನನ್ನ ಕಣ್ಣು ನೀರಿನ ಮೇಲಿತ್ತು. ನಮ್ಮವರು ಹಿಂದೆ ಬಿದ್ದಿದ್ದರು. "ಅಯ್ಯೋ, ಈ ವಯಸ್ಸಲ್ಲಿ ಎಲ್ಲಿಗ್ರೀ ಹೋಗ್ತಾಳೆ? ಹರಿದು ಬಿಸಾಕ್ಲಿ," ಅಂದುಬಿಟ್ಟೆ.

ಮುಂದಿನ ಶನಿವಾರ ಎಷ್ಟು ಹೊತ್ತಾದರೂ ಅವರು ಕತೆ ಎತ್ತಲಿಲ್ಲ. ನಾನೇ ಕೇಳಿದೆ.

"ನೀವು ಹೇಳ್ದಂಗೇ ಹರಿದು ಹಾಕಿದ್ಲು ಕಣ್ರೀ. ಕತೆ ಮುಗೀತು."

"ಇಷ್ಟೇನಾ? ಗೆದ್ದಿದ್ದು ಯಾರು?"

"ಯಾರೋ ಒಬ್ರು," ಎಂದು ಟವೆಲ್ಲು ಮಡಚತೊಡಗಿದರು.

ಆ ಚಳಿಗಾಲ ಅವರ ಯಜಮಾನರಿಗೆ ವಿಮಾನ ಕಾರ್ಖಾನೆಯಲ್ಲಿ ಕೆಲಸವಾಗಿ, ಮುಕಿಲ್ಟಿಯೊ ಎಂಬ ಊರಿಗೆ ಮನೆ ಬದಲಾಯಿಸಿದರು. ಮೊದಮೊದಲು ಫೋನು, ಆಮೇಲೆ ಹಬ್ಬಕ್ಕೊಂದು ಮೆಸೇಜು...

ಲೈಬ್ರರಿಯಿಂದ ತಂದ ಪುಸ್ತಕ ಎರಡೇ ದಿನದಲ್ಲಿ ಓದಿ ಮುಗಿಯಿತು. ಗೆಳೆಯರಿದ್ದಾರೆ, ಬೆಟ್ಟವಿದೆ, ಹೋಟೆಲಿದೆ. ಕಾಗದ ಮಾತ್ರ ಇಲ್ಲ. ಕಣ್ತಪ್ಪಿತೇನೋ ಎಂದು ಇನ್ನೊಂದು ಸಲ ಹುಡುಕಿಕೊಂಡು ಓದಿದೆ. ಶಾಲೆಯೂ ಇಲ್ಲ, ಡಬ್ಬಿಯೂ ಇಲ್ಲ. ಹೆಂಡತಿಯರು ಪುಸ್ತಕದುದ್ದಕ್ಕೂ ಹೆಚ್ಚು ಮಾತೇ ಆಡುವುದಿಲ್ಲ.

ಆ ಕಾಗದ ಯಾವ ಊರಿನಿಂದ ಬಂದಿತ್ತು? ಎಷ್ಟು ದಿನ ಇಟ್ಟುಕೊಂಡಿದ್ದರು? ಮನೆಯಲ್ಲಿ ಕೇಳದೆ ನನ್ನನ್ನೇ ಯಾಕೆ ಕೇಳಿದರು? ಈಗ ವಿಚಾರಿಸೋಣವೆಂದರೆ ಅವರು ತೀರಿಕೊಂಡು ಎರಡು ವರ್ಷವಾಯಿತು. "ಹೋಗ್ಲಿ ಅವಳು" ಎಂದು ನಾನು ಹೇಳಿದ್ದರೆ ಹೋಗುತ್ತಿದ್ದರೋ ಇಲ್ಲವೋ, ಗೊತ್ತಿಲ್ಲ. ಆದರೆ ಅವತ್ತು ನಾನು ಅವರ ಮುಖ ನೋಡಿ ಉತ್ತರ ಹೇಳಿರಲಿಲ್ಲ.