ವೈನ್ ಕಪಾಟಿನ ಪಕ್ಕದ ಕಿಟಕಿ

ಕಬ್ಬು ತುಂಬಿದ ಆ ಟ್ರೇಲರನ್ನು ನಾನು ಮೊದಲು ಕಂಡದ್ದು ವೈನ್ ಬಾಟಲಿಯ ಮೂಲಕ. ತಿಳಿಗುಲಾಬಿ ಬಣ್ಣದ ವೈನು, ಬಣ್ಣವಿಲ್ಲದ ಗಾಜು. ಅಗ್ಗದ ಬಾಟಲಿಗಳ ಹಿಂಬದಿಯ ಚೀಟಿಯಲ್ಲಿ ಅಕ್ಷರಗಳು ಇರುವೆಗಿಂತ ಸಣ್ಣವು. ಅದನ್ನು ಓದಲು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಿದ್ದೆ. ಗಾಜಿನಾಚೆ ಗುಲಾಬಿ ಬಣ್ಣದ ಕಬ್ಬಿನ ರಾಶಿ, ಅದರ ಚಕ್ರದ ಬಳಿ ಬಗ್ಗಿದ್ದ ಗುಲಾಬಿ ಬಣ್ಣದ ಮನುಷ್ಯ. ಬಾಟಲಿಯನ್ನು ಕೆಳಗಿಳಿಸಿದೆ. ಆಮೇಲೆ ಕಂಡದ್ದು ಇವತ್ತಿಗೂ ನಿಂತಿಲ್ಲ. ಅಕ್ಕಿ ತೊಳೆಯಲು ನಲ್ಲಿಯ ಮುಂದೆ ನಿಂತರೆ ಸಾಕು, ಚಕ್ರದ ಹಿಂದಿನ ಕಲ್ಲು ಜರುಗುತ್ತದೆ, ಟ್ರೇಲರ್ ಹೊರಡುತ್ತದೆ.

ಅದನ್ನು ಹೇಳುವ ಮೊದಲು ಇನ್ನೊಂದನ್ನು ಹೇಳಿಬಿಡುತ್ತೇನೆ. ನಾನು ವೈನ್ ಕುಡಿಯುತ್ತೇನೆ. ಶನಿವಾರ ಸಂಜೆ ಒಂದು ಲೋಟ, ಮನಸ್ಸಾದರೆ ಇನ್ನರ್ಧ. ಕೆಮ್ಮಿಗಲ್ಲ, ನಿದ್ದೆಗಲ್ಲ, ಡಾಕ್ಟರು ಹೇಳಿದರೆಂದೂ ಅಲ್ಲ. ರುಚಿಗೆ.

ನನ್ನ ಮನೆ ಮಂಡ್ಯದ ಗುತ್ತಲಿನಲ್ಲಿ, ಕೆಲಸ ಮಳವಳ್ಳಿಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ. ಮೈಸೂರಿನ ಗೆಳತಿಯೊಬ್ಬಳು ಕೊಟ್ಟ ಒಂದು ಲೋಟದಿಂದ ಶುರುವಾದ ಈ ಆಸೆಗೆ ನಮ್ಮೂರಿನಲ್ಲಿ ದಾರಿಯೇ ಇರಲಿಲ್ಲ. ಬ್ರಾಂದಿ ಅಂಗಡಿಯ ಕಬ್ಬಿಣದ ಜಾಲರಿಯ ಮುಂದೆ ಗಂಡಸರ ಹಿಂಡು. ಅವರ ಮೊಣಕೈಗಳ ನಡುವೆ ನುಗ್ಗಿ ಕೈ ಚಾಚಿದರೂ ಒಳಗಿನವನು ಒಂದೇ ಪೋರ್ಟ್ ವೈನನ್ನು ತಳ್ಳುತ್ತಿದ್ದ. ಅದನ್ನು ಕುಡಿದರೆ ಕೆಮ್ಮಿನ ಔಷಧಿಗೆ ಬೆಲ್ಲ ಕಲಸಿ ಕೊಟ್ಟಂತಿರುತ್ತಿತ್ತು.

ಹಾಗಿರುವಾಗ ಮದ್ದೂರಿನಲ್ಲಿ ಆ ದೊಡ್ಡ ದಿನಸಿ ಅಂಗಡಿ ಬಂತು. ಬೇಳೆ, ಸೋಪು, ಬಕೆಟ್ಟುಗಳ ಸಾಲು ದಾಟಿ ಒಂದು ಮೆಟ್ಟಿಲು ಹತ್ತಿದರೆ ಮೂಲೆಯಲ್ಲಿ ಲೈಸೆನ್ಸು ಪಡೆದ ಪುಟ್ಟ ವೈನ್ ಕೋಣೆ. ಅಂಗಡಿಯ ಉಳಿದೆಲ್ಲ ಗೋಡೆಗಳಿಗೂ ಸೂರಿನ ತನಕ ಸರಕು. ಕಿಟಕಿ ಇದ್ದದ್ದು ಈ ಮೂಲೆಗೆ ಮಾತ್ರ, ಪಕ್ಕದ ಇಳಿಜಾರು ಓಣಿಯ ಕಡೆಗೆ. ಮಳವಳ್ಳಿಯಿಂದ ಮಂಡ್ಯಕ್ಕೆ ನೇರ ಬಸ್ಸಿದ್ದರೂ ಶನಿವಾರ ಮಾತ್ರ ನಾನು ಮದ್ದೂರಿನ ಮೇಲೆ ಸುತ್ತಿಕೊಂಡು ಬರತೊಡಗಿದೆ. ಪುಸ್ತಕದ ಕಪಾಟಿನ ಮುಂದೆ ನಿಲ್ಲುವ ಹಾಗೆಯೇ ಆ ಕಪಾಟಿನ ಮುಂದೂ ನಿಂತೆ. ಕಣ್ಣೆತ್ತರದಲ್ಲಿ ಇಟ್ಟದ್ದು ದುಬಾರಿ, ಮೊಣಕಾಲೆತ್ತರದಲ್ಲಿ ಇಟ್ಟದ್ದು ನಮ್ಮಂಥವರದು. ಬಗ್ಗಲು ನಾಚಿಕೆ ಇಲ್ಲದವರಿಗೆ ಕೆಳಗಿನ ಸಾಲಿನಲ್ಲಿ ಒಳ್ಳೆಯದು ಸಿಗುತ್ತದೆ.

ವಿ.ಸಿ. ಫಾರಂ ಕೃಷಿ ಕೇಂದ್ರದಲ್ಲಿ ಕೆಲಸ ಮಾಡುವ ನನ್ನ ಗಂಡ ಮೊದಲನೇ ಬಾಟಲಿಗೆ ಸೋಡಾ ಸುರಿದು ಕೆಡಿಸಿದರು. ಎರಡನೆಯದನ್ನು ನಾಟಿ ಕೋಳಿ ಸಾರಿನ ಜೊತೆ ಕುಡಿದೆವು. ಆ ಖಾರದ ಮುಂದೆ ಪಾಪ, ಕೆಂಪು ವೈನು ಬಾಯಿ ಮುಚ್ಚಿಕೊಂಡು ಕೂತಿತು. ಫ್ರಿಜ್ಜಿನಲ್ಲಿ ತಣ್ಣಗಾದ ಬಿಳಿ ವೈನು, ಈರುಳ್ಳಿ ಕೆಂಪಗಾಗುವ ತನಕ ಕರಿದ ಮದ್ದೂರು ವಡೆ, ಇವೆರಡರ ಸಂಬಂಧವನ್ನು ಮಾತ್ರ ನಾವೇ ಕಂಡುಹಿಡಿದದ್ದು. ಅದರ ಹೆಮ್ಮೆ ನನಗಿದೆ.

ಅತ್ತೆಗೆ ಇದೆಲ್ಲ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು.

"ಎಣ್ಣೆ ಎಣ್ಣೆನೇ ಕಣಮ್ಮ. ಗುಲಾಬಿ ಬಣ್ಣ ಬಳ್ದ್ರೆ ಪನ್ನೀರಾಯ್ತದಾ?"

"ನಿಮ್ಮ ಬಾಣಂತನದಲ್ಲಿ ದಿನಾ ಬ್ರಾಂದಿ ಕುಡಿದೆ ಅಂತ ನೀವೇ ಹೇಳಿದ್ರಲ್ಲ ಅತ್ತೆ."

"ಅದು ಔಸ್ದಿ. ನಾನು ಮೂಗು ಮುಚ್ಕೊಂಡು ಕುಡುದ್ನಿ. ನಿನ್ನಂಗೆ ಚಪ್ಪರಿಸ್ಕೊಂಡು ಕುಡೀನಿಲ್ಲ."

ನನ್ನ ತಪ್ಪು ಅದೇ, ಚಪ್ಪರಿಸಿದ್ದು.

ಅಂಗಡಿಯ ಬಾಗಿಲಲ್ಲಿ ಒಬ್ಬ ವಯಸ್ಸಾದ ವಾಚ್‌ಮನ್ ಇದ್ದರು. ಬಿಲ್ಲು ಮಾಡಿಸಿ ಹೊರಡುವಾಗ ನನ್ನ ಬಾಟಲಿಯನ್ನು ಹಳೇ ಪೇಪರಿನಲ್ಲಿ ಎರಡು ಸುತ್ತು ಸುತ್ತಿ, ಕೊತ್ತಂಬರಿ ಕಟ್ಟಿನ ಪಕ್ಕಕ್ಕೆ ತುರುಕಿ ಚೀಲ ಕೊಡುತ್ತಿದ್ದರು. ಒಂದು ಸಲವೂ ಹಲ್ಲು ಕಿರಿದವರಲ್ಲ. ಹೆಣ್ಣುಮಗಳ ಮಾನ ಕಾಯುತ್ತಿದ್ದಾರೆ ಎಂದುಕೊಂಡು ನಾನು ಮನಸ್ಸಿನಲ್ಲೇ ಕೃತಜ್ಞಳಾಗಿದ್ದೆ. ಒಳಗೊಳಗೇ ಸ್ವಲ್ಪ ಸಿಟ್ಟೂ ಇತ್ತು.

ಆ ಶನಿವಾರ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರೊಂದು ಓಣಿಗೆ ಬಂದಿತ್ತು. ಏರು ಬಂದರೆ ಡ್ರೈವರುಗಳು ಹಿಂದಿನ ಟ್ರೇಲರನ್ನು ಬಿಚ್ಚಿ, ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನದನ್ನು ಮೇಲೆ ಬಿಟ್ಟುಬಂದು ಆಮೇಲೆ ಇದನ್ನು ಎಳೆಯುತ್ತಾರೆ. ಓಣಿಗೆ ಅಡ್ಡವಾಯಿತೆಂದು ವಾಚ್‌ಮನ್ ಡ್ರೈವರಿನ ಮೇಲೆ ರೇಗಿದ್ದು ನಾನು ಒಳಗೆ ಹೋಗುವಾಗಲೇ ಕೇಳಿಸಿತ್ತು.

"ಇದೇನ್ ನಿಮ್ಮಪ್ಪನ ಓಣಿಯೇನ್ಲಾ? ತಗಿಯಲಾ ಮೊದ್ಲು!"

ನಾನು ಕಿಟಕಿಯಲ್ಲಿ ಕಂಡದ್ದು ಅದರ ನಂತರದ್ದು. ಡ್ರೈವರ್ ಟ್ರ್ಯಾಕ್ಟರನ್ನು ವಾಪಸ್ಸು ತಂದಿದ್ದ. ಕೊಕ್ಕೆಗೆ ಕೊಂಡಿ ಕೂರಲಿಲ್ಲ. ಟ್ರೇಲರ್ ಒಂದು ಗೇಣು ಹಿಂದೆ ಸರಿಯಲಿ ಎಂದಿರಬೇಕು, ಅವನೇ ಕೆಳಗಿಳಿದು ಬಂದು ಕಬ್ಬಿಣದ ಸರಳಿನಿಂದ ಕಲ್ಲನ್ನು ತಟ್ಟಿದ. ಒಂದು ಸಲ. ಎರಡನೇ ಸಲಕ್ಕೆ ಕಲ್ಲು ಪಕ್ಕಕ್ಕೆ ಹಾರಿತು. ಟ್ರೇಲರ್ ಒಂದು ಗೇಣಿಗೆ ನಿಲ್ಲಲಿಲ್ಲ.

ಕಬ್ಬಿನ ತುದಿಗಳು ಕಿಟಕಿಯನ್ನು ಕೆರೆದುಕೊಂಡು ಹೋದವು. ಗಾಜು ನನ್ನ ಕೂದಲಿಗೆ, ಕುತ್ತಿಗೆಯೊಳಗೆ ಬಿತ್ತು. ಮುಂದಿನ ಬಾಗಿಲ ಕಡೆ ವಾಚ್‌ಮನ್ "ಓಡ್ರವ್ವೋ!" ಎಂದು ಕೂಗಿದ್ದು ಕೇಳಿತು. ಆಮೇಲೆ ಬಿಲ್ಲಿನ ಮೇಜು ಮುರಿದ ಶಬ್ದ, ಟ್ರೇಲರ್ ಓಣಿಯ ಕೊನೆಯಲ್ಲಿ ಹೊರಳಿ ಅಂಗಡಿಯ ಮುಂಬದಿಗೆ ನುಗ್ಗಿತ್ತು. ಬಿಲ್ಲು ಹಾಕುವ ಹೆಂಗಸಿನ ಕಾಲು ಮುರಿಯಿತು. ಜೀವಕ್ಕೇನೂ ಆಗಲಿಲ್ಲ, ವಾಚ್‌ಮನ್ ಅವಳನ್ನು ಕುರ್ಚಿಯ ಸಮೇತ ಎಳೆದಿದ್ದರು. ನಾನು ಆಚೆ ಬಂದು ರಸ್ತೆಯಲ್ಲಿ ನಿಂತಾಗ ಬಾಟಲಿ ನನ್ನ ಕೈಯಲ್ಲೇ ಇತ್ತು. ಬೆರಳು ಬಿಡಿಸಲು ಯಾರೋ ಸಹಾಯ ಮಾಡಬೇಕಾಯಿತು.

ಎರಡು ದಿನದಲ್ಲಿ ಮದ್ದೂರಿನ ತುಂಬ ಒಂದೇ ಮಾತು. ವಾಚ್‌ಮನ್ ಸಿಟ್ಟಿನಲ್ಲಿ ಕಲ್ಲು ಒದ್ದನಂತೆ. ಅವರು ರೇಗಿದ್ದನ್ನು ಹತ್ತು ಜನ ಕೇಳಿದ್ದರು, ಕಲ್ಲು ತೆಗೆದದ್ದನ್ನು ಯಾರೂ ನೋಡಿರಲಿಲ್ಲ. ಟ್ರೇಲರಿನ ಮಾಲೀಕ ಬಲವಾದ ಆಸಾಮಿ. ಅಂಗಡಿಯವರು ವಾಚ್‌ಮನ್‌ನನ್ನು ಕೆಲಸಕ್ಕೆ ಬರಬೇಡವೆಂದರು, ಸ್ಟೇಷನ್ನಿನವರು ಬಾ ಎಂದರು.

"ನಾನು ನೋಡಿದೀನಿ. ಹೋಗಿ ಹೇಳ್ತೀನಿ," ಎಂದೆ ಮನೆಯಲ್ಲಿ.

ಗಂಡ ಬೇಡವೆನ್ನಲಿಲ್ಲ. ಭಾವ, ಅಂದರೆ ಅವರ ಅಣ್ಣ, ಸುದ್ದಿ ತಿಳಿದು ಮನೆಗೇ ಬಂದರು.

"ಹೇಳವ್ವ, ಯಾರು ಬ್ಯಾಡಾಂದ್ರು? ಬ್ಯಾಳೆ ತಗೋತಿದ್ದೆ ಅನ್ನು. ಆ ಸೀಸೆ ವಿಸ್ಯ ಯಾಕೆ?"

"ಬೇಳೆ ಇಟ್ಟಿರೋ ಕಡೆ ಕಿಟಕಿ ಎಲ್ಲಿದೆ ಭಾವ?"

"ಕುಡಿಯೋಳ ಮಾತ ಯಾವನ್ ನಂಬ್ತನೆ? ನಮ್ಮನೆ ಎಸ್ರೂ ಓಯ್ತದೆ, ಅವ್ನಿಗೂ ಉಪಯೋಗ ಆಗಕಿಲ್ಲ."

ಅವನಿಗೂ ಉಪಯೋಗವಿಲ್ಲ ಎಂದ ಅವರ ಮಾತು ನಿಜವಾಗಬಹುದಿತ್ತು, ಅದೇ ನನ್ನನ್ನು ಆ ರಾತ್ರಿಯೆಲ್ಲ ಕಾಡಿದ್ದು. ವೈನ್ ಎಂದರೆ ನಗುತ್ತಾರೆ. ಬೇಳೆ ಎಂದರೆ, ಯಾರಾದರೂ ಆ ಅಂಗಡಿಗೆ ಹೋಗಿ ಬೇಳೆಯ ಸಾಲಿನಲ್ಲಿ ನಿಂತು ನೋಡಿದರೆ ನನ್ನ ಸಾಕ್ಷಿ ಅಲ್ಲೇ ಸಾಯುತ್ತದೆ. ಅದರೊಂದಿಗೆ ಆ ಮುದುಕರ ಕೆಲಸ, ಮಾನ ಎಲ್ಲ ಹೋಗುತ್ತವೆ. ನನ್ನ ಹತ್ತಿರ ಇದ್ದ ಸತ್ಯ ಒಂದೇ. ಅದು ವೈನ್ ಕಪಾಟಿನ ಪಕ್ಕದಲ್ಲಿ ನಿಂತಿತ್ತು.

ಬೆಳಿಗ್ಗೆ ಫ್ರಿಜ್ಜಿನಿಂದ, ಅವತ್ತು ಕೈಯಲ್ಲೇ ಉಳಿದು ಮನೆಗೆ ಬಂದಿದ್ದ ಆ ಬಾಟಲಿಯನ್ನು ತೆಗೆದು ಚೀಲಕ್ಕೆ ಹಾಕಿಕೊಂಡೆ. ಅತ್ತೆ ನೋಡಿದರು.

"ಟೇಸನ್‌ಗೆ ಯಾಕವ್ವ ಅದು? ಅಲ್ಲಿ ಕೂತ್ಕೊಂಡು ಕುಡುದೀಯ?"

"ಸಾಕ್ಷಿಗೆ ಅತ್ತೆ."

ಮದ್ದೂರಿನ ಸ್ಟೇಷನ್ನಿನಲ್ಲಿ ಹೇಳಿಕೆ ಬರೆದುಕೊಳ್ಳಲು ಕೂತವರು ನನ್ನ ಮಗನ ವಯಸ್ಸಿನ ಪೊಲೀಸಿನವರು. ಎಲ್ಲಿ ನಿಂತಿದ್ದೆ ಎಂದು ಹೇಳಿದ ಕೂಡಲೇ ಪೆನ್ನು ನಿಂತಿತು. ಜೊತೆಗೆ ಬಂದಿದ್ದ ನನ್ನ ಗಂಡನನ್ನು ನೋಡಿದರು, ಆಮೇಲೆ ನನ್ನನ್ನು.

"ಮೇಡಂ, ದಿನಸಿ ಕೊಳ್ಳುತ್ತಿದ್ದೆ ಅಂತ ಬರ್ಕೊಳ್ಲಾ?"

"ಬೇಡ ಸಾರ್. ವೈನ್ ಅಂತಲೇ ಬರೀರಿ. ವೈನ್ ಬಾಟಲಿಯ ಚೀಟಿ ಓದಲು ಕಿಟಕಿಯ ಬಳಿ ನಿಂತಿದ್ದೆ ಅಂತ ಬರೀರಿ."

ಹಿಂದಿನ ಮೇಜಿನಿಂದ ಯಾರೋ ಕಿಸಕ್ಕೆಂದರು. "ಕುಡುದಿದ್ರಾ ಕೇಳಲಾ," ಎಂಬ ಮಾತು ಬಂತು.

ನಾನು ಬಾಟಲಿಯನ್ನು ತೆಗೆದು ಮೇಜಿನ ಮೇಲೆ ಇಟ್ಟೆ. ಸೀಲಿರುವ ಕತ್ತನ್ನು ಅವರ ಕಡೆಗೆ ತಿರುಗಿಸಿದೆ.

"ನನ್ನ ಕೈಯಲ್ಲಿದ್ದದ್ದು ಇದು. ಸೀಲ್ ನೋಡ್ಕೊಳ್ಳಿ. ಅವತ್ತೂ ಒಡೆದಿರಲಿಲ್ಲ, ಇವತ್ತೂ ಒಡೆದಿಲ್ಲ. ಇನ್ನು ಕಲ್ಲಿನ ವಿಷಯ ಬರ್ಕೊಳ್ಳಿ."

ಅವರು ಸೀಲನ್ನು ನಿಜವಾಗಿಯೂ ನೋಡಿದರು. ಆಮೇಲೆ ಬರೆದರು. ಸರಳು, ಎರಡು ಏಟು, ಡ್ರೈವರಿನ ಅಂಗಿಯ ಬಣ್ಣ, ವಾಚ್‌ಮನ್ ಕೂಗಿದ್ದು ಓಣಿಯಿಂದಲ್ಲ, ಮುಂದಿನ ಬಾಗಿಲಿನಿಂದ. ಮಧ್ಯಾಹ್ನ ನನ್ನನ್ನು ಅಂಗಡಿಗೇ ಕರೆದೊಯ್ದು, ನಿಂತ ಜಾಗದಲ್ಲಿ ನಿಲ್ಲಿಸಿ, ಒಬ್ಬ ಪೊಲೀಸಿನವರನ್ನು ಓಣಿಯಲ್ಲಿ ಕಲ್ಲಿದ್ದ ಜಾಗದಲ್ಲಿ ಕೂರಿಸಿದರು. ಗಾಜಿಲ್ಲದ ಕಿಟಕಿಯಲ್ಲಿ ಅವರ ಬೂಟಿನ ದಾರವೂ ಕಾಣುತ್ತಿತ್ತು. ನನ್ನ ಕಾಲುಗಳು ಮಾತ್ರ ಓಡಿಹೋಗಲು ನೋಡುತ್ತಿದ್ದವು. ಕಪಾಟನ್ನು ಹಿಡಿದುಕೊಂಡು ನಿಂತೆ.

ನಾಲ್ಕು ದಿನ ಬಿಟ್ಟು ಡ್ರೈವರ್ ಒಪ್ಪಿಕೊಂಡ. ಭಾವ ನಮ್ಮ ಮನೆಗೆ ಬರುವುದನ್ನು ಬಿಟ್ಟಿದ್ದಾರೆ. ಗುತ್ತಲಿನಲ್ಲಿ ನನಗೊಂದು ಅಡ್ಡಹೆಸರು ಬಿದ್ದಿದೆಯಂತೆ. ಏನೆಂದು ಕೇಳಲು ಹೋಗಿಲ್ಲ. ನಾನು ಬೇಳೆ ಎಂದಿದ್ದರೆ ಈ ಹೊತ್ತಿಗೆ ಗೌರವಸ್ಥಳಾಗಿ ಇರುತ್ತಿದ್ದೆ, ಆ ಮುದುಕರು ಕಟಕಟೆಯಲ್ಲಿ ಇರುತ್ತಿದ್ದರು. ಅಂಥ ಗೌರವ ಬೇಕಾದವರು ಇಟ್ಟುಕೊಳ್ಳಲಿ.

ಅಂಗಡಿ ಮತ್ತೆ ತೆರೆದ ಮೊದಲ ಶನಿವಾರವೇ ಹೋದೆ. ಕಿಟಕಿಗೆ ಹೊಸ ಗಾಜು ಬಂದಿತ್ತು. ಅದಕ್ಕೆ ಬೆನ್ನು ಕೊಟ್ಟು ನಿಲ್ಲಲು ಆಗಲಿಲ್ಲ. ಓಣಿಯನ್ನೇ ನೋಡುತ್ತ, ಕೈತಡವಿಕೊಂಡು ಕೆಳಗಿನ ಸಾಲಿನಿಂದ ಅದೇ ಗುಲಾಬಿ ಬಣ್ಣದ್ದನ್ನು ಎತ್ತಿಕೊಂಡೆ. ಬಾಗಿಲಲ್ಲಿ ವಾಚ್‌ಮನ್ ಇದ್ದರು, ಅಂಗಡಿಯವರು ಮತ್ತೆ ಕೆಲಸಕ್ಕೆ ಕರೆಸಿಕೊಂಡಿದ್ದರು. ಅದೇ ಸ್ಟೂಲು, ಪಕ್ಕದಲ್ಲಿ ಅದೇ ಹಳೇ ಪೇಪರಿನ ಕಟ್ಟು. ಥ್ಯಾಂಕ್ಸು ಗೀಂಕ್ಸು ಏನೂ ಹೇಳಲಿಲ್ಲ. ಬಾಟಲಿ ತೆಗೆದುಕೊಂಡು ಸುತ್ತಲು ಹೊರಟರು.

"ಪೇಪರ್ ಬೇಡಣ್ಣ," ಎಂದೆ, ಸುತ್ತಲಿನವರಿಗೂ ಕೇಳುವಂತೆ. "ಇನ್ನು ಮೇಲೆ ಮುಚ್ಚೋದು ಏನೂ ಇಲ್ಲ. ನೋಡೋರು ನೋಡಲಿ."

ಅವರು ನನ್ನ ಮುಖವನ್ನೇ ನೋಡಿದರು.

"ಯಾರಿಗೆ ಮುಚ್ಚಕವ್ವ? ಬಸ್ಸಲ್ಲಿ ಕುಲುಕಿದ್ರೆ ಒಡ್ದೋಯ್ತದೆ ಅಂತ ಸುತ್ತದು ನಾನು. ಮೊಟ್ಟೆಗೂ ಸುತ್ತಿಕೊಡ್ತೀನಿ."

ನನಗೆ ನಗು ಬಂತು. ಟ್ರೇಲರ್ ಉರುಳಿದ ದಿನದಿಂದ ಬಂದಿರದ ನಗು.

"ಹಂಗಾದ್ರೆ ಸುತ್ತಿ," ಎಂದೆ.

ಎರಡು ಸುತ್ತು ಸುತ್ತಿದರು. ಮಂಡ್ಯದ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಬಿಟ್ಟು ಈಚೆ ಕೂತೆ, ಅದು ನನ್ನಿಂದ ಇನ್ನೂ ಆಗುವುದಿಲ್ಲ. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಕೊತ್ತಂಬರಿಯ ಪಕ್ಕದಲ್ಲಿ ಬಾಟಲಿಯ ಕತ್ತು ಪೇಪರಿನಿಂದ ಆಚೆ ಎದ್ದು ನಿಂತಿತ್ತು. ಅದನ್ನು ಒಳಕ್ಕೆ ತಳ್ಳಲಿಲ್ಲ.